ಗ್ಯಾರೇಜಿಗೆ ನಾಲ್ಕು ಕಡೆ ಇಳಿಜಾರಿನ ಮಾಡು: ಮೂಲೆ ಜಂತಿ 11 ಇಂಚು ಹೆಚ್ಚು ಉದ್ದ ಬಂದಿದೆ, ಎಲ್ಲಿ ತಪ್ಪಿದೆ?

ಕೆಲಗೇರಿ ಫಿಟ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ರಿಟೈರ್ ಆಗಿ ಎರಡು ವರ್ಷ ಆಯಿತು. ಮನೆ ಧಾರವಾಡದ ಕೆಲಗೇರಿ ಕಡೆ. ಅಪ್ಪ ಕಟ್ಟಿಸಿದ ಹಂಚಿನ ಮನೆ, ಮಾಡು ನಾಲ್ಕೂ ಕಡೆ ಇಳಿದಿದೆ. ಅದರ ಪಕ್ಕ, ಮನೆಗೆ ತಾಗದ ಹಾಗೆ, ಕಾರಿಗೆ ಒಂದು ಗ್ಯಾರೇಜ್ ಕಟ್ಟುತ್ತಿದ್ದೇನೆ. ಗೌಂಡಿಯನ್ನು ಕರೆದದ್ದು ಪಾಯ ಮತ್ತು ಗೋಡೆಗೆ ಮಾತ್ರ. ಮಾಡಿನ ಕೆಲಸ ಪೂರ್ತಿ ನನ್ನದೇ.

ತಗಡು ಹಾಕಿ ಒಂದು ಕಡೆ ಇಳಿಸಿ ಮುಗಿಸು ಅಂತ ಊರೆಲ್ಲ ಹೇಳಿತು. ನನ್ನ ಹೆಂಡತಿ ಮಾತ್ರ ‘ಮನೆ ಮುಂದೆ ಬಸ್ ಸ್ಟ್ಯಾಂಡ್ ಕಟ್ತೀರೇನು?’ ಅಂದಳು. ಅಲ್ಲಿಗೆ ತಗಡಿನ ಮಾತು ಮುಗಿಯಿತು. ಮನೆಯ ಹಿಂದಿನ ಕೊಟ್ಟಿಗೆ ಬಿಚ್ಚಿದಾಗ ಬಂದ ಸುಮಾರು 700 ಮಂಗಳೂರು ಹಂಚು ಗೋಡೆಗೆ ಒರಗಿಸಿ ಇಟ್ಟಿದ್ದೆ. ಅವನ್ನೇ ಹಾಕೋಣ, ಮನೆಯ ಹಾಗೇ ನಾಲ್ಕು ಕಡೆ ಇಳಿಸೋಣ ಅಂತ ಹೊರಟೆ.

ಅಳತೆ ಹೀಗಿದೆ. ಗೋಡೆಯ ಹೊರ ಅಳತೆ 20 ಅಡಿ ಉದ್ದ, 12 ಅಡಿ ಅಗಲ. ಇಳಿಜಾರು ನಾಲ್ಕೂ ಕಡೆ 30 ಡಿಗ್ರಿ. ಸೂರು ಗೋಡೆಯಿಂದ ಒಂದೂವರೆ ಅಡಿ ಹೊರಗೆ. ನೆತ್ತಿಯ ತೊಲೆ 8 ಅಡಿ. ಮರ ಅಲ್ಲ, ಎಲ್ಲ ಕಬ್ಬಿಣದ ಚೌಕ ಪೈಪು: ನೆತ್ತಿಯಿಂದ ಸೂರಿಗೆ ನೇರ ಇಳಿಯುವ ಸಾದಾ ಜಂತಿಗೆ 2 ಇಂಚು ಚೌಕದ್ದು, ನೆತ್ತಿಯ ತುದಿಯಿಂದ ಮೂಲೆಗೆ ಓರೆಯಾಗಿ ಇಳಿಯುವ ಮೂಲೆ ಜಂತಿಗೆ 4 ಇಂಚು ಎತ್ತರ 2 ಇಂಚು ಅಗಲದ್ದು. ವೆಲ್ಡಿಂಗ್ ನನಗೆ ಕೈಬಂದ ಕೆಲಸ. ಮರಗೆಲಸ ಬರುವುದಿಲ್ಲ.

ಸಾದಾ ಜಂತಿಗಳು ಬಾಗಿಲ ಚಿಲಕದ ಹಾಗೆ ಕೂತವು. ಒಂದೊಂದೂ 8 ಅಡಿ 8 ಇಂಚಿನ ಲೆಕ್ಕ. ಗೋಳು ಶುರುವಾಗಿದ್ದು ಮೂಲೆಯಲ್ಲಿ. ನಾನು ಮಾಡಿದ ಲೆಕ್ಕ ಇಷ್ಟೇ. ಸೂರಿನಿಂದ ನಡುವಿನವರೆಗೆ ಅಡ್ಡ ಅಳತೆ ಏಳೂವರೆ ಅಡಿ. ಮೂಲೆಯಿಂದ ಕರ್ಣ ಹಿಡಿದರೆ ಅದಕ್ಕೆ 1.414 ಗುಣಿಸಬೇಕು, 10.6 ಅಡಿ ಬಂತು. 30 ಡಿಗ್ರಿಗೆ ಏರಿಸಿದೆ, 12 ಅಡಿ 3 ಇಂಚು ಬಂತು. ನಾಲ್ಕು ಪೈಪನ್ನೂ ಒಟ್ಟಿಗೆ ಕಟ್ಟಿ, ತುದಿಯನ್ನೂ 30 ಡಿಗ್ರಿಗೆ ಇಟ್ಟು, ಒಂದೇ ಸಲ ಕೊಯ್ದೆ. ವರ್ಕ್‌ಶಾಪಿನ ಚಾಳಿ.

ಮೊದಲನೆಯದನ್ನು ಎತ್ತಿ ಇಟ್ಟರೆ ಬಾಲ ಮೂಲೆ ದಾಟಿ ಹೊರಗೆ ಬಂದಿದೆ. ಅಳೆದೆ, 11 ಇಂಚು ಜಾಸ್ತಿ. ಮೇಲಿನ ತುದಿ ಮೇಲಷ್ಟೇ ತಾಗುತ್ತದೆ, ಕೆಳಗೆ ಅರ್ಧ ಇಂಚಿಗೂ ಜಾಸ್ತಿ ಬಾಯಿ ಬಿಟ್ಟಿದೆ. ಎರಡನೆಯದೂ ಹಾಗೇ. ಮೂವತ್ತೆಂಟು ವರ್ಷ ಮಿಲಿಮೀಟರಿನಲ್ಲಿ ಕೆಲಸ ಮಾಡಿದವನಿಗೆ 11 ಇಂಚು! ಇಳಿಸಿ, ಗೋಣಿಚೀಲ ಮುಚ್ಚಿ ಇಟ್ಟಿದ್ದೇನೆ, ಬಂದವರು ನೋಡಬಾರದು ಅಂತ.

ಎಲ್ಲಿ ತಪ್ಪಿತು? ಈ ನಾಲ್ಕು ಪೈಪು ಉಳಿಯುತ್ತವೆಯೇ? ಇನ್ನು ಮೂಲೆಗೆ ಬಂದು ಸೇರುವ ಗಿಡ್ಡ ಜಂತಿಗಳ ಉದ್ದ ಹೇಗೆ ಹಿಡಿಯುವುದು? ಒಂದೊಂದನ್ನೂ ಎತ್ತಿ ಹಿಡಿದು ಗುರುತು ಹಾಕುವಷ್ಟು ಸೊಂಟ ಈಗ ಇಲ್ಲ.

ಮಾಳಮಡ್ಡಿ ಬಡಿಗ ಬರೆದದ್ದು:

ಫಿಟ್ಟರ್ ಸಾಹೇಬರೇ, ಗೋಣಿಚೀಲ ತೆಗೆಯಿರಿ. ಉದ್ದ ಬಂದದ್ದು ನಿಮ್ಮ ಪುಣ್ಯ. ಗಿಡ್ಡ ಬಂದಿದ್ದರೆ ನಾಲ್ಕೂ ಗುಜರಿಗೆ ಹೋಗುತ್ತಿದ್ದವು.

ತಪ್ಪು ಒಂದೇ ಕಡೆ. ಕರ್ಣ ಹಿಡಿದದ್ದು ಸರಿ, 10.6 ಅಡಿಯೂ ಸರಿ. ಆಮೇಲೆ ಅದನ್ನೂ 30 ಡಿಗ್ರಿಗೆ ಏರಿಸಿದಿರಲ್ಲ, ಅಲ್ಲಿ ಕಾಲು ಜಾರಿತು. ಸಾದಾ ಜಂತಿ ಏಳೂವರೆ ಅಡಿ ನಡೆದು ಎಷ್ಟು ಎತ್ತರ ಏರುತ್ತದೋ, ಮೂಲೆ ಜಂತಿ 10.6 ಅಡಿ ನಡೆದೂ ಅಷ್ಟೇ ಎತ್ತರ ಏರಬೇಕು. ಎರಡೂ ಸೇರುವುದು ಒಂದೇ ನೆತ್ತಿಗೆ ಅಲ್ವಾ? ನಡಿಗೆ ಜಾಸ್ತಿ, ಏರು ಅಷ್ಟೇ. ಹಾಗಾಗಿ ಮೂಲೆ ಜಂತಿ ಯಾವಾಗಲೂ ಸಾದಾ ಜಂತಿಗಿಂತ ಮಲಗಿರುತ್ತದೆ. ನಿಮ್ಮ ಮಾಡಿನಲ್ಲಿ ಅದು 30 ಅಲ್ಲ, 22 ಡಿಗ್ರಿ ಚಿಲ್ಲರೆ. ಕೆಳಗೆ ಬಾಯಿ ಬಿಟ್ಟದ್ದೂ ಆ 8 ಡಿಗ್ರಿಯ ವ್ಯತ್ಯಾಸವೇ.

ಏರು 4.33 ಅಡಿ. 10.6ರ ವರ್ಗ, 4.33ರ ವರ್ಗ ಕೂಡಿಸಿ ಮೂಲ ತೆಗೆಯಿರಿ. 11 ಅಡಿ ಐದೂವರೆ ಇಂಚು ಬರುತ್ತದೆ. ನಿಮ್ಮದು 12 ಅಡಿ 3 ಇಂಚು. ವ್ಯತ್ಯಾಸ ಒಂಬತ್ತೂವರೆ. ಉಳಿದ ಒಂದೂವರೆ ಇಂಚು ಎಲ್ಲಿಂದ ಬಂತು? ಮೇಲೆ ಮೂಲೆ ಜಂತಿ ಹೋಗಿ ಕೂರುವುದು ನೆತ್ತಿಯ ನಟ್ಟನಡುವಿನ ಗೆರೆಗೆ ಅಲ್ಲ, ಎರಡು ಸಾದಾ ಜಂತಿ ಕೂಡಿದ ಸಂದಿಗೆ. ಆ ಜಂತಿಗಳ ಅರ್ಧ ದಪ್ಪ ಕಳೆಯಬೇಕು, ಅದೂ ಓರೆಯಲ್ಲಿ. 2 ಇಂಚು ಪೈಪಿಗೆ ಅದು ಅಡ್ಡದಲ್ಲಿ 1.4, ಇಳಿಜಾರಿನ ಮೇಲೆ ಒಂದೂವರೆ. ಲೆಕ್ಕ ಚುಕ್ತಾ. ಕೊನೆಗೆ ಇರಬೇಕಾದ ಉದ್ದ 11 ಅಡಿ 4 ಇಂಚು. ಮೇಲಿನ ತುದಿಯನ್ನೇ 22 ಡಿಗ್ರಿಗೆ ಹೊಸದಾಗಿ ಕೊಯ್ಯಿರಿ. ಆ ತುದಿಯ ಎರಡೂ ಮಗ್ಗುಲು 45 ಡಿಗ್ರಿಗೆ ಕೊಯ್ದು ಮೊನೆ ಮಾಡಿ, ಸಂದಿಯಲ್ಲಿ ಸೇರುತ್ತದೆ.

ನಮ್ಮ ಕೆಲಸದಲ್ಲಿ ಡಿಗ್ರಿ ಯಾರೂ ಕೇಳುವುದಿಲ್ಲ. ಕಾಟಕೋನ (L ಆಕಾರದ ಅಳತೆಪಟ್ಟಿ) ಹಿಡಿದರೆ ಆಯಿತು. ನಿಮ್ಮ 30 ಡಿಗ್ರಿ ಅಂದರೆ ಸಾದಾ ಜಂತಿಗೆ 12 ಇಂಚು ನಡೆದರೆ 7 ಇಂಚು ಏರು. ಮೂಲೆ ಜಂತಿಗೆ 12ರ ಜಾಗದಲ್ಲಿ 17 ಹಿಡಿಯಿರಿ, 7 ಹಾಗೇ ಇರಲಿ. ಯಾವ ಇಳಿಜಾರಿಗೂ ಇದೇ: 12 ಹೋಗಿ 17 ಬರುತ್ತದೆ, ಏರು ಬದಲಾಗುವುದಿಲ್ಲ. ನಾಲ್ಕೂ ಕಡೆ ಒಂದೇ ಇಳಿಜಾರು ಇರಬೇಕು, ಅಷ್ಟೇ.

ಗಿಡ್ಡ ಜಂತಿಗೆ ಸೊಂಟ ಬೇಡ, ಒಂದು ಕಳೆಯುವ ಲೆಕ್ಕ ಸಾಕು. 2 ಅಡಿಗೊಂದು ಹಾಕುತ್ತೀರಿ ಅಂದುಕೊಳ್ಳಿ. ಒಂದಕ್ಕಿಂತ ಒಂದು 2 ಅಡಿ ಮೂರೂಮುಕ್ಕಾಲು ಇಂಚು ಗಿಡ್ಡ. 8 ಅಡಿ 8 ಇಂಚಿನಿಂದ ಇಳಿಯುತ್ತ ಬನ್ನಿ: 6 ಅಡಿ ನಾಲ್ಕೂಕಾಲು ಇಂಚು, 4 ಅಡಿ ಅರ್ಧ ಇಂಚು, ಕೊನೆಗೆ 1 ಅಡಿ ಎಂಟೂಮುಕ್ಕಾಲು. ನಾಲ್ಕು ಮೂಲೆ, ಮೂಲೆಗೆ ಎರಡು ಮಗ್ಗುಲು, ಅಂದರೆ ಒಂದೊಂದು ಅಳತೆಯವು 8. ನಾಲ್ಕು ಎಡಗೈ, ನಾಲ್ಕು ಬಲಗೈ. ಎಂಟನ್ನೂ ಒಂದೇ ಕಡೆಗೆ ಓರೆ ಕೊಯ್ದರೆ ನಾಲ್ಕು ಕೆಲಸಕ್ಕೆ ಬರುವುದಿಲ್ಲ, ಚಪ್ಪಲಿಯ ಹಾಗೆ. ನಾನು ಹುಡುಗನಾಗಿದ್ದಾಗ ಹಾಗೆ ಮಾಡಿ ಗುರುಗಳ ಕೈಲಿ ಬೈಸಿಕೊಂಡಿದ್ದೇನೆ. ಇಲ್ಲಿಯೂ ಮೂಲೆ ಪೈಪಿನ ಅರ್ಧ ದಪ್ಪ ಓರೆಯಲ್ಲಿ ಕಳೆಯುವುದನ್ನು ಮರೆಯಬೇಡಿ.

ಇಷ್ಟು ಹೇಳಿದರೂ ನನ್ನ ಮಾತು ಒಂದೇ: ಕೊಯ್ಯುವ ಮೊದಲು ನೆಲದ ಮೇಲೆ ಬರೆಯಿರಿ. 20ಕ್ಕೆ 12 ಅಡಿ ಗಿಲಾವು ಮಾಡಿದ ನೆಲ ಇದೆಯಲ್ಲ, ಅದೇ ನಿಮ್ಮ ಪಾಟಿ. ಸುಣ್ಣದ ದಾರ ಹೊಡೆದು ಒಂದು ಮೂಲೆಯ ನಕ್ಷೆ ಪೂರ್ತಿ ಅಳತೆಯಲ್ಲಿ ತೆಗೆಯಿರಿ. ಪಕ್ಕದಲ್ಲಿ ಅದೇ ಜಂತಿಯ ಏರು ಬರೆಯಿರಿ. ಪೈಪನ್ನು ಗೆರೆಯ ಮೇಲೆ ಮಲಗಿಸಿ ಗುರುತು ಹಾಕಿ. ಕ್ಯಾಲ್ಕುಲೇಟರ್ ತಪ್ಪಬಹುದು, ನೆಲದ ಗೆರೆ ಕಣ್ಣಿಗೆ ಕಾಣುತ್ತದೆ.

ಕೆಲಗೇರಿ ಫಿಟ್ಟರ್:

12 ಹೋಗಿ 17! ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎರಡು ದಿನ ಊಟ ಸೇರುತ್ತಿತ್ತು. ಒಂದು ಸಂಶಯ. ಮೂಲೆ ಪೈಪು 2 ಇಂಚು ಅಗಲ. ಅದರ ಮೇಲೆ ಎರಡು ಕಡೆಯಿಂದ ಹಂಚು ಕೂರುವ ರೀಪು ಬಂದು ಸೇರುತ್ತವೆ. ಪೈಪಿನ ಅಂಚು ರೀಪಿಗೆ ತಾಗಿ ಎತ್ತುವುದಿಲ್ಲವೇ?

ಮಾಳಮಡ್ಡಿ ಬಡಿಗ:

ಎತ್ತುತ್ತದೆ. ಮರ ಆಗಿದ್ದರೆ ಉಳಿ ಹಿಡಿದು ಬೆನ್ನಿನ ಎರಡೂ ಅಂಚು ಸವರುತ್ತಿದ್ದೆವು. ಪೈಪನ್ನು ಸವರಿದರೆ ತೂತು ಬೀಳುತ್ತದೆ. ನೀವು ಪೂರ್ತಿ ಜಂತಿಯನ್ನೇ 10 ಮಿಲಿಮೀಟರ್ ಕೆಳಗೆ ಕೂರಿಸಿ. ಆಗ ಅದರ ಎರಡು ಅಂಚು ಸಾದಾ ಜಂತಿಯ ಮಟ್ಟಕ್ಕೆ ಸರಿಯಾಗಿ ಬರುತ್ತವೆ. ಮಿಲಿಮೀಟರಿನಲ್ಲಿ ಹೇಳಿದ್ದೇನೆ, ಖುಷಿ ಆಯಿತಲ್ಲ?

ಹುಬ್ಬಳ್ಳಿ ಸೈಟ್ ಇಂಜಿನಿಯರ್ ಬರೆದದ್ದು:

ಬಡಿಗರ ಲೆಕ್ಕಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಆದರೆ ಕೆಳಗೆ ನೋಡೋಣ. ಗೋಡೆಯ ಮೇಲೆ ಏನಿದೆ? ಯಾರೂ ಕೇಳಲೇ ಇಲ್ಲ.

ಹಂಚಿನ ಮಾಡು ಹಗುರ ಅಲ್ಲ. ಸೂರು ಸೇರಿಸಿ ನೆಲದ ಮೇಲಿನ ಅಳತೆ 23ಕ್ಕೆ 15 ಅಡಿ, 345 ಚದರ ಅಡಿ. ಇಳಿಜಾರಿನ ಮೇಲೆ ಅದು ಹತ್ತಿರ ಹತ್ತಿರ 400, ಅಂದರೆ 37 ಚದರ ಮೀಟರ್. ಒಂದು ಚದರ ಮೀಟರಿಗೆ 15 ಹಂಚು ಹಿಡಿದರೆ 550ಕ್ಕೂ ಜಾಸ್ತಿ ಹಂಚು ಕೂರುತ್ತವೆ. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ ಹಂಚೇ ಹೆಚ್ಚು ಕಡಿಮೆ 1,400 ಕಿಲೋ ಆಯಿತು. ಕಬ್ಬಿಣ ಬೇರೆ. ಮಳೆಯಲ್ಲಿ ನೆನೆದರೆ ಇನ್ನೂ ಭಾರ. ಈ ಭಾರ ಬರೀ ಕೆಳಗೆ ಒತ್ತುವುದಿಲ್ಲ, ಜಂತಿಯ ಕಾಲುಗಳನ್ನು ಹೊರಗೂ ತಳ್ಳುತ್ತದೆ. ನಾಲ್ಕು ಇಳಿಜಾರಿನ ಮಾಡಿನಲ್ಲಿ ಮೂಲೆ ಜಂತಿ ಮೂಲೆಯನ್ನೇ ಒದೆಯುತ್ತದೆ. ಬರೀ ಸಿಮೆಂಟ್ ಇಟ್ಟಿಗೆಯ ಗೋಡೆ ಆದರೆ ಎರಡು ಮಳೆಗಾಲದಲ್ಲಿ ಮೂಲೆ ಬಿರುಕು ಬಿಡುತ್ತದೆ.

ಗೋಡೆಯ ತಲೆಯ ಮೇಲೆ ಸುತ್ತಲೂ, ಎಲ್ಲೂ ಕಡಿಯದ ಹಾಗೆ, ಕಾಂಕ್ರೀಟಿನ ಪಟ್ಟಿ ಬೇಕು. ನಾಲ್ಕು ಕಂಬಿ, ಮೂಲೆಯಲ್ಲಿ ಕಂಬಿ ತಿರುಗಿ ಮುಂದಿನ ಗೋಡೆಯ ಪಟ್ಟಿಯೊಳಗೆ ಹಾಯಬೇಕು, ಅಲ್ಲೇ ಕತ್ತರಿಸಿ ನಿಲ್ಲಿಸಬಾರದು. ಇದು ಪೀಪಾಯಿಗೆ ಹಾಕಿದ ಬಳೆಯ ಹಾಗೆ. ಆದರೂ 20 ಅಡಿ ಉದ್ದದ ಗೋಡೆ ನಡುವೆ ಹೊರಗೆ ಬಾಗಬಹುದು. ನೆತ್ತಿ ತೊಲೆಯ ಎರಡು ತುದಿಗಳ ಕೆಳಗೆ, ಗೋಡೆಯಿಂದ ಗೋಡೆಗೆ, ಒಂದೊಂದು ಅಡ್ಡ ಪೈಪು ಎಳೆದು ಕಟ್ಟಿ. ನಾಲ್ಕು ಮೂಲೆಗೂ ಓರೆಯಾಗಿ ಒಂದೊಂದು ಗಿಡ್ಡ ತುಂಡು ಹಾಕಿದರೆ ಇನ್ನೂ ಒಳ್ಳೆಯದು.

ಇನ್ನು ಬೋಲ್ಟು. ಮಾಡನ್ನು ಗೋಡೆಗೆ ಹಿಡಿಸಲು ಕಾಂಕ್ರೀಟ್ ಸುರಿಯುವಾಗಲೇ 4 ಅಡಿಗೊಂದು 12 ಮಿಲಿಮೀಟರ್ ಬೋಲ್ಟು ಬಿಟ್ಟಿದ್ದೀರಾ? ಮಣ್ಣು ಯಾವುದು? ಹುಬ್ಬಳ್ಳಿ, ನವಲಗುಂದದ ಎರೆಮಣ್ಣು ಆದರೆ ಪಾಯದ ಮಾತು ಬೇರೆಯೇ ಇದೆ. ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬುವ ಮಣ್ಣಿನ ಮೇಲೆ ಹಂಚಿನ ಮಾಡು ಎಷ್ಟು ನೇರ ಕೂತರೂ ಪ್ರಯೋಜನ ಇಲ್ಲ.

ಕೆಲಗೇರಿ ಫಿಟ್ಟರ್:

ಮಣ್ಣು ಕೆಂಪು, ಕೆಳಗೆ ಗಟ್ಟಿ ಗರಸು. ಪಟ್ಟಿ ಹಾಕಿದ್ದೇನೆ, ನಾಲ್ಕು ಕಂಬಿ ಇದೆ. ಬೋಲ್ಟು ಉದ್ದನೆಯ ಗೋಡೆಗಳಲ್ಲಿ ಬಿಟ್ಟಿದ್ದೇನೆ, ಮುಂದೆ ಹಿಂದೆ ಬಿಟ್ಟಿಲ್ಲ. ಯಾಕೆ ಅಂತ ಕೇಳಬೇಡಿ. ಅಪ್ಪನ ಕೊಟ್ಟಿಗೆಗೆ ಎರಡೇ ಕಡೆ ಇಳಿಜಾರು ಇತ್ತು, ತಲೆಯಲ್ಲಿ ಅದೇ ಕೂತಿತ್ತು. ಅಡ್ಡ ಪೈಪಿನ ವಿಚಾರ ಹೊಳೆದೇ ಇರಲಿಲ್ಲ.

ಹುಬ್ಬಳ್ಳಿ ಸೈಟ್ ಇಂಜಿನಿಯರ್:

ಮುಂದೆ ಹಿಂದೆ ಕಾಂಕ್ರೀಟಿನಲ್ಲಿ ತೂತು ಕೊರೆದು ಆಂಕರ್ ಫಾಸ್ಟನರ್ (ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟು) ಹಾಕಿ. ತೂತಿನ ಪುಡಿ ಪೂರ್ತಿ ಊದಿ ತೆಗೆಯಿರಿ, ಇಲ್ಲದಿದ್ದರೆ ಹಿಡಿತ ಬರುವುದಿಲ್ಲ. ಪಟ್ಟಿಯ ಅಂಚಿಗೆ ತೀರಾ ಹತ್ತಿರ ಕೊರೆಯಬೇಡಿ.

ಗದಗ ಗಾಳಿ ಬರೆದದ್ದು:

ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ. ಇಷ್ಟೆಲ್ಲ ಒದ್ದಾಟ ಒಂದು ಕಾರಿಗಾ? ಎರಡು ಕಡೆ ಇಳಿಸಿದ್ದರೆ ಮೂಲೆಯೂ ಇಲ್ಲ, 17ರ ಲೆಕ್ಕವೂ ಇಲ್ಲ.

ಹಾಗಂತ ನಾನು ಮಾಡಿದ್ದು ಹೇಳುತ್ತೇನೆ, ನಗಬೇಡಿ. ಗದಗಿನ ಗಾಳಿ ನಿಮಗೆ ಗೊತ್ತು, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ನಮ್ಮ ಟ್ರ್ಯಾಕ್ಟರ್ ಶೆಡ್ಡಿಗೆ ಎರಡು ಇಳಿಜಾರು ಮಾಡಿ ತಗಡು ಹಾಕಿದ್ದೆ. ಮುಂದೆ ಬಾಗಿಲು ಇಲ್ಲ, ಮೇಲೆ ತ್ರಿಕೋನದ ಗೋಡೆ. ಮೇ ತಿಂಗಳ ಒಂದು ಸಂಜೆ ಮುಂಗಾರು ಮುಂಚಿನ ಗಾಳಿ ಬಂತು. ಬಾಗಿಲಿಲ್ಲದ ಮುಂಭಾಗದಿಂದ ಒಳಗೆ ನುಗ್ಗಿ ಮೇಲಕ್ಕೆ ಒತ್ತಿತು. ಆರು ತಗಡು ಪಕ್ಕದ ಹೊಲಕ್ಕೆ ಹೋದವು. ಎರಡು ಬೇಲಿಯ ಮೇಲೆ ಬಟ್ಟೆ ಒಣಗಿಸಿದ ಹಾಗೆ ನೇತಾಡುತ್ತಿದ್ದವು. ತ್ರಿಕೋನದ ಗೋಡೆಯ ಮೇಲಿನ ಎರಡು ಸಾಲು ಇಟ್ಟಿಗೆಯೂ ಬಿತ್ತು.

ನಾಲ್ಕು ಕಡೆ ಇಳಿದ ಮಾಡಿಗೆ ಆ ತ್ರಿಕೋನದ ಗೋಡೆಯೇ ಇರುವುದಿಲ್ಲ. ಗಾಳಿಗೆ ಎದೆ ಕೊಡುವ ಚಪ್ಪಟೆ ಜಾಗ ಕಡಿಮೆ. ಆ ವಿಚಾರದಲ್ಲಿ ನಿಮ್ಮದೇ ಸರಿ, ಒಪ್ಪಿದೆ. ಆದರೆ ಮುಂದೆ ಬಾಗಿಲು ತೆರೆದಿಟ್ಟರೆ ಒಳಗಿನಿಂದ ಎತ್ತುವ ಗಾಳಿಗೆ ಯಾವ ಮಾಡಾದರೂ ಒಂದೇ. ನಿಮ್ಮ ಹಂಚಿನ ಭಾರ ಮಾಡನ್ನು ಹಿಡಿದೀತು. ಸೂರಿನ ಅಂಚಿನ ಹಂಚು ಮಾತ್ರ ಒಂದೊಂದಾಗಿ ಎದ್ದು ಬೀಳುತ್ತವೆ. ಕೊನೆಯ ಎರಡು ಸಾಲಿಗೆ ತಂತಿ ಕಟ್ಟಿ. ಹಂಚಿನ ಕೆಳಗೆ ತಂತಿ ಹಾಕಲು ಕಿವಿ ಇರುತ್ತದೆ, ನೋಡಿ.

ಹಾನಗಲ್ ಹಂಚಿನ ಮನೆ ಬರೆದದ್ದು:

ನಮ್ಮ ಹಾನಗಲ್ ಕಡೆ ಮಳೆ ನಿಮಗಿಂತ ಜಾಸ್ತಿ. ಹಾಗಾಗಿ ನೀರಿನ ಮಾತು ನನ್ನದು.

ಎರಡು ಇಳಿಜಾರಿನ ಮಾಡಿಗೆ ಮುಂದೆ ನೀರು ಬೀಳುವುದಿಲ್ಲ. ನಿಮ್ಮದಕ್ಕೆ ನಾಲ್ಕೂ ಕಡೆ ಬೀಳುತ್ತದೆ. ಕಾರು ಒಳಗೆ ಬಿಡುವ ಬಾಗಿಲ ಮುಂದೆ, ಸರಿಯಾಗಿ ನೀವು ಇಳಿದು ಬಾಗಿಲು ತೆಗೆಯುವ ಜಾಗದಲ್ಲಿ, 15 ಅಡಿ ಉದ್ದದ ಸೂರಿನಿಂದ ನೀರಿನ ಪರದೆ ಇಳಿಯುತ್ತದೆ. ಅಂಗಳದ ಮಣ್ಣು ಸಿಡಿದು ಬಾಗಿಲ ಕೆಳಗಿನ ಒಂದಡಿ ಯಾವಾಗಲೂ ಕೆಂಪು. ಮುಂದಿನ ಸೂರಿಗೆ ನೀರು ಹಿಡಿಯುವ ದೋಣಿ ಹಾಕಲೇಬೇಕು. ದೋಣಿಯ ಕೊಕ್ಕೆಯನ್ನು ಹಂಚು ಏರಿಸುವ ಮೊದಲೇ ಜಂತಿಗೆ ವೆಲ್ಡ್ ಮಾಡಿ. ಆಮೇಲೆ ಆಗುವುದಿಲ್ಲ.

ದೋಣಿ ಹಾಕಿದ ಮೇಲೆ ನೀರು ಸುಮ್ನೆ ಹರಿದು ಹೋಗಲು ಬಿಡಬೇಡಿ. ನಿಮ್ಮ ಮಾಡಿನ ಅಳತೆಗೆ 10 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು ಕಡಿಮೆ 320 ಲೀಟರ್. ನಲ್ಲಿ ನೀರಿಗೆ ದಿನ ಎಣಿಸುವ ಊರಿನವರಿಗೆ ಇದನ್ನು ನಾನು ಹೇಳಬೇಕಾ? ಪಕ್ಕದವರ ಕಾಂಪೌಂಡ್ ಹತ್ತಿರ ಇದ್ದರೆ ಆ ಕಡೆಗೂ ದೋಣಿ ಹಾಕಿ. ಜಗಳ ಶುರುವಾಗುವುದು ಜಾಗಕ್ಕಲ್ಲ, ನೀರಿಗೆ.

ಹಂಚಿನ ವಿಚಾರ. ನಾಲ್ಕು ಕಡೆ ಇಳಿಸಿದರೆ ಹಂಚು ಜಾಸ್ತಿ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳು. ಸೂರು, ಇಳಿಜಾರು ಒಂದೇ ಆದರೆ ಮಾಡಿನ ಅಳತೆಯೂ ಒಂದೇ. ಜಾಸ್ತಿ ಆಗುವುದು ಒಡೆಯುವುದು. ಮೂಲೆಯ ಉದ್ದಕ್ಕೂ ಪ್ರತಿ ಹಂಚನ್ನು ಓರೆ ಕೊಯ್ಯಬೇಕು, ಹಳೆಯ ಹಂಚು ಮೂರರಲ್ಲಿ ಒಂದು ಸೀಳುತ್ತದೆ. 700 ಇದೆ ಅಂದಿರಿ, ಸಾಕು, ಆದರೆ ಮೊದಲು ಎಲ್ಲವನ್ನೂ ತಿರುಗಿಸಿ ಬೆನ್ನಿನ ಮುದ್ರೆ ನೋಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಎಷ್ಟೋ ಜನ ಅದೇ ನಮೂನೆ ಮಾಡಿದರು. ನೋಡಲು ಎಲ್ಲ ಒಂದೇ, ತುಟಿ ಮಾತ್ರ ಕೂಡುವುದಿಲ್ಲ. ಎರಡು ಕಾರ್ಖಾನೆಯ ಹಂಚು ಒಂದೇ ಇಳಿಜಾರಿನಲ್ಲಿ ಬೆರೆಸಿದರೆ ಸೋರುತ್ತದೆ. ಒಂದೊಂದು ಇಳಿಜಾರಿಗೆ ಒಂದೊಂದು ಮುದ್ರೆ ಹಾಕಿ. ರೀಪಿನ ಅಂತರವನ್ನೂ ಪುಸ್ತಕ ನೋಡಿ ಹಿಡಿಯಬೇಡಿ. ನಿಮ್ಮದೇ ಹತ್ತು ಹಂಚು ನೆಲದ ಮೇಲೆ ಜೋಡಿಸಿ ಅಳೆಯಿರಿ. ಸುಮಾರು ಹನ್ನೆರಡೂವರೆ ಇಂಚು ಬರುತ್ತದೆ. ಕಾಲು ಇಂಚು ತಪ್ಪಿದರೆ ಎಂಟನೇ ಸಾಲಿಗೆ 2 ಇಂಚು ತಪ್ಪಿರುತ್ತದೆ.

ಮೂಲೆಯ ಮೇಲೆ ಗಾರೆ ಹಾಕಿ ನೆತ್ತಿ ಹಂಚು ಕೂರಿಸುತ್ತೀರಲ್ಲ, ಆ ಗಾರೆ ಬಿಸಿಲಿಗೆ ಬಿರುಕು ಬಿಡುವುದು ಖಚಿತ. ಅದರ ಕೆಳಗೆ ಒಂದಡಿ ಅಗಲದ ಜಿಐ (ಸತು ಲೇಪಿಸಿದ) ತಗಡನ್ನು ನಡುವೆ ಮಡಚಿ, ಮೂಲೆ ಜಂತಿಯ ಉದ್ದಕ್ಕೂ ಹಾಸಿ. ಗಾರೆ ಬಿರಿದರೂ ನೀರು ತಗಡಿನ ಮೇಲೆ ಇಳಿದು ಹೋಗುತ್ತದೆ.

ಮಂಗ ಬರುತ್ತವಾ ನಿಮ್ಮ ಕಡೆ?

ಕೆಲಗೇರಿ ಫಿಟ್ಟರ್:

ಮಂಗ ಬರುತ್ತವಾ ಅಂದರೆ? ನಾವೇ ಅವುಗಳ ಕಡೆ ಬಂದವರು. ಉದ್ದ ಬಾಲದ ಮುಸುವ, ಹಿಂಡೇ ಇದೆ. ಮನೆ ಮಾಡಿಗೆ ವರ್ಷಕ್ಕೆ ಇಪ್ಪತ್ತು ಹಂಚು ಅವುಗಳ ಪಾಲು. ಮಾವಿನ ಮರದಿಂದ ಜಿಗಿಯುವುದು, ಮೂಲೆಯ ಮೇಲೆ ಓಡುವುದು. ಹಾಗಾಗಿ ನೂರು ಹಂಚು ಹಾಗೇ ಎತ್ತಿಡುತ್ತೇನೆ.

ಹನ್ನೊಂದು ದಿನದ ನಂತರ, ಕೆಲಗೇರಿ ಫಿಟ್ಟರ್:

ವರದಿ ಒಪ್ಪಿಸುತ್ತಿದ್ದೇನೆ. ಬಡಿಗರು ಹೇಳಿದ ಹಾಗೆ ನೆಲದ ಮೇಲೆ ಗೆರೆ ಹೊಡೆದೆ. ಮೊದಲು ನಾಚಿಕೆ ಆಯಿತು, ಆಮೇಲೆ ಅದೇ ಚಟ ಆಯಿತು. ಒಂದು ಮೂಲೆಯ ನಕ್ಷೆ, ಪಕ್ಕದಲ್ಲಿ ಏರು. ಪೈಪು ಗೆರೆಯ ಮೇಲೆ ಇಟ್ಟರೆ 11 ಅಡಿ 4 ಇಂಚಿಗೆ ಎರಡು ಮಿಲಿಮೀಟರ್ ಹೆಚ್ಚು. ಗೆರೆಯನ್ನೇ ನಂಬಿದೆ. ಈ ಸಲ ನಾಲ್ಕನ್ನೂ ಒಟ್ಟಿಗೆ ಕಟ್ಟಲಿಲ್ಲ. ಒಂದನ್ನು ಕೊಯ್ದು, ಎತ್ತಿ, ಕೂರಿಸಿ, ಚಹಾ ಕುಡಿದು, ಆಮೇಲೆ ಎರಡನೆಯದು. ಸಂದಿಯಲ್ಲಿ ಉಗುರು ಹೋಗುವುದಿಲ್ಲ. ಹತ್ತು ಮಿಲಿಮೀಟರ್ ಕೆಳಗೆ ಕೂರಿಸಿದ್ದೇನೆ. ಮಟ್ಟಪಟ್ಟಿ ಇಟ್ಟು ನೋಡಿದೆ, ಅಂಚು ಸರಿಯಾಗಿ ಬಂದಿದೆ.

ಗಿಡ್ಡ ಜಂತಿಯಲ್ಲಿ ಎಡಗೈ ಬಲಗೈ ಗೊತ್ತಿದ್ದೂ ಒಂದನ್ನು ಉಲ್ಟಾ ಕೊಯ್ದೆ. ಉದ್ದನೆಯದು ಆಗಿತ್ತು. ಅದನ್ನೇ ಕತ್ತರಿಸಿ 4 ಅಡಿಯದು ಮಾಡಿದೆ, ಹಾಳಾಗಲಿಲ್ಲ. ಪೈಪುಗಳ ತೆರೆದ ತುದಿಗೆಲ್ಲ ತಗಡಿನ ಮುಚ್ಚಳ ವೆಲ್ಡ್ ಮಾಡಿದೆ. ಇದನ್ನು ಇಲ್ಲಿ ಯಾರೂ ಹೇಳಲಿಲ್ಲ, ನನ್ನ ಕಡೆಯಿಂದ ಇರಲಿ. ತುದಿ ತೆರೆದಿದ್ದರೆ ನೀರು ಒಳಗೆ ಹೋಗಿ ಪೈಪು ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊರಗೆ ಎಷ್ಟು ಕೋಟ್ ರೆಡ್ ಆಕ್ಸೈಡ್ ಬಳಿದರೂ ಗೊತ್ತಾಗುವುದಿಲ್ಲ. ಕೋಚುಗಳ ಕೆಳಗೆ ಮಲಗಿ ಇದನ್ನು ಬಹಳ ನೋಡಿದ್ದೇನೆ.

ಅಡ್ಡ ಪೈಪು ಎರಡೂ ಹಾಕಿದೆ. ಅವುಗಳ ಮೇಲೆ ಹಲಗೆ ಇಟ್ಟು ಏಣಿ, ಹಳೆ ಟೈರು ಇಡಬಹುದು ಅಂತ ಹೊಳೆದಿದೆ. ಇಂಜಿನಿಯರ್ ಸಾಹೇಬರು ಬೈಯುವುದಾದರೆ ಈಗಲೇ ಬೈಯಲಿ.

ಹಂಚು ತಿರುಗಿಸಿ ನೋಡಿದೆ. ಮೂರು ಮುದ್ರೆ ಸಿಕ್ಕಿತು. ಒಂದರದ್ದು 410, ಇನ್ನೊಂದರದ್ದು 190, ಉಳಿದದ್ದು ಮೂರನೆಯದು. ಉದ್ದನೆಯ ಎರಡು ಇಳಿಜಾರಿಗೆ ಮೊದಲನೆಯದು, ಮುಂದೆ ಹಿಂದೆ ಎರಡನೆಯದು. ಮೂರನೆಯದು ಮನೆಯ ಮಾಡಿನ ಮುದ್ರೆಯೇ. ಅದನ್ನು ಮಂಗಗಳಿಗೆ ಇಟ್ಟಿದ್ದೇನೆ.

ಮುಂದಿನ ಸೂರಿಗೆ ದೋಣಿಯ ಕೊಕ್ಕೆ ವೆಲ್ಡ್ ಆಗಿದೆ. ದೋಣಿ ಇನ್ನೂ ಬಂದಿಲ್ಲ. ನಿನ್ನೆ ಸಂಜೆ ಒಂದು ಅಡ್ಡಮಳೆ ಬಂತು. ಒಂದು ಇಳಿಜಾರಿಗೆ ಮಾತ್ರ ಹಂಚು ಏರಿತ್ತು. ಹೆಂಡತಿ ಕೊಡಪಾನ ತಂದು ಆ ಸೂರಿನ ಕೆಳಗೆ ಇಟ್ಟಳು. ನಾನು ಒಳಗೆ ನಿಂತು ಮೂಲೆ ಸಂದಿಯನ್ನೇ ನೋಡುತ್ತಿದ್ದೆ. ಕಾರು ಇನ್ನೂ ಬೀದಿಯಲ್ಲೇ ಇದೆ.